ಊರಿನ ಗ್ರಂಥಾಲಯ ಮತ್ತು ವಲಸೆ ಬಂದ ಓದುಗ

(ಪುಣೆ ಬಳಿಯ ಹಿಂಜವಾಡಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಉಪನ್ಯಾಸದ ವಿಷಯವನ್ನು ಆರಿಸುವ ಸ್ವಾತಂತ್ರ್ಯವನ್ನು ಸಂಸ್ಥೆಯವರು ನನಗೇ ಬಿಟ್ಟಿದ್ದರು. ನಾನು ಊರಿನ ಸಾರ್ವಜನಿಕ ಗ್ರಂಥಾಲಯವನ್ನು ಆರಿಸಿಕೊಂಡೆ. ಹಿಂಜವಾಡಿಗೆ ಕೆಲಸಕ್ಕೆಂದು ಬಂದ ಕನ್ನಡಿಗರು ಭಾಷೆಯನ್ನು ಉಳಿಸಿಕೊಳ್ಳಲು ಪಡುತ್ತಿರುವ ಶ್ರಮ ನನಗೆ ಗೊತ್ತು. ರಾಜ್ಯೋತ್ಸವ ಮಾಡುತ್ತೀರಿ, ಮಕ್ಕಳನ್ನು ಕೂರಿಸಿಕೊಂಡು ಅಕ್ಷರ ತಿದ್ದಿಸುತ್ತೀರಿ, ಊರಿಗೆ ಹೋದಾಗ ಬ್ಯಾಗು ತುಂಬ ಪುಸ್ತಕ ತರುತ್ತೀರಿ. ಆದರೆ ನೆಲೆಸಿರುವ ಊರಿನ ವಾಚನಾಲಯಕ್ಕೆ ಸದಸ್ಯರಾದವರು ನಮ್ಮಲ್ಲಿ ವಿರಳ. ಇದಕ್ಕೆ ಓದುವ ಆಸಕ್ತಿ ಕಡಿಮೆಯಾದದ್ದು ಕಾರಣ ಎಂದು ನಾನು ಒಪ್ಪುವುದಿಲ್ಲ. ನಾವು ಬಿಟ್ಟು ಬಂದ ರಾಜ್ಯದಲ್ಲಿ ಗ್ರಂಥಾಲಯ ನಡೆಯುವ ರೀತಿ ಬೇರೆ, ಇಲ್ಲಿ ನಡೆಯುವ ರೀತಿ ಬೇರೆ. ಆ ವ್ಯತ್ಯಾಸ ತಿಳಿಯದೆ ನಾವು ಹೊರಗೆ ಉಳಿದಿದ್ದೇವೆ ಎಂಬುದು ನನ್ನ ವಾದ.

ಆದ್ದರಿಂದ ಮೊದಲು ಕರ್ನಾಟಕ, ಮಹಾರಾಷ್ಟ್ರ ಎರಡೂ ರಾಜ್ಯಗಳ ವ್ಯವಸ್ಥೆಯನ್ನು ವಿವರಿಸುತ್ತೇನೆ. ಆಮೇಲೆ ಓದುಗನೊಬ್ಬ ಪುಸ್ತಕ ಎರವಲು ಪಡೆದಾಗ ಗ್ರಂಥಾಲಯದಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಕರ್ನಾಟಕದ ಒಂದೆರಡು ಉದಾಹರಣೆಗಳ ನಂತರ ಹಿಂಜವಾಡಿಗೆ ಬರುತ್ತೇನೆ. ಭಾಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನಾ ಸಂಸ್ಥೆಯಂಥ ಸಂಶೋಧನಾ ಗ್ರಂಥಾಲಯಗಳು ಪುಣೆಯ ಹೆಮ್ಮೆ. ಅವುಗಳ ವಿಷಯ ಬೇರೆ, ಇಂದು ಅದನ್ನು ಎತ್ತಿಕೊಳ್ಳುವುದಿಲ್ಲ.

ಪುಣೆಯಲ್ಲಿ 1848ರಲ್ಲಿ ನೇಟಿವ್ ಜನರಲ್ ಲೈಬ್ರರಿ ಆರಂಭವಾಯಿತು. ಲೋಕಹಿತವಾದಿ ಎಂದು ಹೆಸರಾದ ಗೋಪಾಳ ಹರಿ ದೇಶಮುಖರು ಅದಕ್ಕೆ ಮುಂದಾಗಿ ನಿಂತವರು. ಅದೇ ಇಂದಿನ ಪುಣೆ ನಗರ ವಾಚನ ಮಂದಿರ. ನಮ್ಮ ಬೆಳಗಾವಿಯ ಸಾರ್ವಜನಿಕ ವಾಚನಾಲಯವೂ ಅದೇ 1848ರದು. ಎರಡು ವರ್ಷಗಳ ನಂತರ ಕೊಲ್ಹಾಪುರದಲ್ಲಿ, ಈಗ ಕರವೀರ ನಗರ ವಾಚನ ಮಂದಿರ ಎನ್ನುವ ಸಂಸ್ಥೆ ಹುಟ್ಟಿತು. 1911ರಲ್ಲಿ ನ. ಚಿಂ. ಕೇಳಕರರ ಮುಂದಾಳತನದಲ್ಲಿ ಪುಣೆ ಮರಾಠಿ ಗ್ರಂಥಾಲಯ ಬಂತು. ಈ ಸಂಸ್ಥೆಗಳಿಗೆಲ್ಲ ಒಂದು ಸಮಾನ ಗುಣವಿದೆ. ಅಧಿಕಾರಿಗಳ ಪ್ರೋತ್ಸಾಹ ಇದ್ದಲ್ಲೂ ಅವುಗಳನ್ನು ನಡೆಸಿದವರು ಊರಿನವರು. ವರ್ಗಣಿ ಕೊಟ್ಟ ಸದಸ್ಯರು, ಅವರು ಆರಿಸಿದ ಕಾರ್ಯಕಾರಿ ಮಂಡಳಿ, ವರ್ಷಕ್ಕೊಮ್ಮೆ ಸಭೆ, ಜಮಾಖರ್ಚಿನ ಮಂಡನೆ, ಅದರ ಮೇಲೆ ಬಿಸಿಬಿಸಿ ಚರ್ಚೆ. ಗ್ರಂಥಾಲಯವೆಂದರೆ ಒಂದು ಸಂಘ.

ಹಳೆಯ ಮೈಸೂರಿನ ಕಥೆ ಬೇರೆ ರೀತಿಯದು. ಅಲ್ಲಿ ದೊಡ್ಡ ಸಾರ್ವಜನಿಕ ಗ್ರಂಥಾಲಯ ಮೇಲಿನಿಂದ ಬಂತು. ಅದಕ್ಕೂ ಮೊದಲು ಹೀಗೆಯೇ ಬರೋಡೆಯಲ್ಲಿ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದಿಂದ ಡಬ್ಲ್ಯು. ಎ. ಬೋರ್ಡನ್ ಎಂಬ ಗ್ರಂಥಪಾಲಕರನ್ನು ಕರೆಸಿ, ಹಳ್ಳಿಗಳಿಗೆ ಮರದ ಪೆಟ್ಟಿಗೆಗಳಲ್ಲಿ ಪುಸ್ತಕ ಕಳಿಸುವ ಸಂಚಾರಿ ಗ್ರಂಥಾಲಯಗಳನ್ನು ಏರ್ಪಡಿಸಿದ್ದರು. ಮೈಸೂರಿನಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1915ರಲ್ಲಿ, ಬೆಂಗಳೂರು ಮತ್ತು ಮೈಸೂರುಗಳಲ್ಲಿ ಸಾರ್ವಜನಿಕ ಗ್ರಂಥಾಲಯಗಳು ತೆರೆದವು. ಕಬ್ಬನ್ ಉದ್ಯಾನದಲ್ಲಿ ಶೇಷಾದ್ರಿ ಅಯ್ಯರ್ ಸ್ಮಾರಕ ಭವನವೆಂಬ ಆ ಕೆಂಪು ಕಟ್ಟಡವನ್ನು ನೋಡದ ಬೆಂಗಳೂರಿಗರಿಲ್ಲ. ಆಡಳಿತದ ದೂರದೃಷ್ಟಿ ಅಲ್ಲಿ ಕಟ್ಟಡವಾಗಿ ನಿಂತಿದೆ.

ಸ್ವಾತಂತ್ರ್ಯಾನಂತರದ ಕಾಯ್ದೆಗಳೂ ಇದೇ ಜಾಡಿನಲ್ಲಿ ನಡೆದವು. ದೇಶದ ಮೊದಲ ಗ್ರಂಥಾಲಯ ಕಾಯ್ದೆ 1945ರ ಕೊಲ್ಹಾಪುರ ಸಂಸ್ಥಾನದ್ದು. ಸ್ವತಂತ್ರ ಭಾರತದಲ್ಲಿ ಮೊದಲನೆಯದು 1948ರ ಮದರಾಸು ಕಾಯ್ದೆ. ಆಗ ಮದರಾಸಿನಲ್ಲಿದ್ದ ದಕ್ಷಿಣ ಕನ್ನಡಕ್ಕೆ ಅದು ಅನ್ವಯಿಸಿತು. 1955ರ ಹೈದರಾಬಾದ್ ಕಾಯ್ದೆ ಬೀದರ್, ಕಲಬುರಗಿ, ರಾಯಚೂರಿಗೆ ಸಂಬಂಧಿಸಿದ್ದು. ಹೀಗೆ ಹರಿದು ಹಂಚಿಹೋಗಿದ್ದ ಕನ್ನಡ ಸೀಮೆಗಳಿಗೆಲ್ಲ ಒಂದೇ ಕಾನೂನು ಬಂದದ್ದು 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ. ಜಾರಿಯಾದದ್ದು 1966ರ ನವೆಂಬರ್ 1ರಂದು. ಆ ಹೊತ್ತಿಗೆ ಬೆಂಗಳೂರಿನಲ್ಲಿ ನೆಲೆಸಿದ್ದ ಗ್ರಂಥಾಲಯ ಶಾಸ್ತ್ರಜ್ಞ ಎಸ್. ಆರ್. ರಂಗನಾಥನ್ ಅವರ ಮಾರ್ಗದರ್ಶನ ಅದರ ಹಿಂದಿತ್ತು. ಆ ಕಾಯ್ದೆಯ ಬೆನ್ನೆಲುಬು ಗ್ರಂಥಾಲಯ ಉಪಕರ. ಮನೆ ಕಂದಾಯ ಕಟ್ಟುವ ಪ್ರತಿಯೊಬ್ಬರೂ ಆ ಕಂದಾಯದ ಮೇಲೆ ಈಗ ಶೇಕಡ 6ರಷ್ಟನ್ನು ಗ್ರಂಥಾಲಯಕ್ಕಾಗಿ ಕೊಡುತ್ತಾರೆ. ಕಟ್ಟಡ, ಸಿಬ್ಬಂದಿ, ಪುಸ್ತಕ ಖರೀದಿ ಎಲ್ಲವನ್ನೂ ಇಲಾಖೆ ನೋಡಿಕೊಳ್ಳುತ್ತದೆ.

ಮಹಾರಾಷ್ಟ್ರದ 1967ರ ಕಾಯ್ದೆಯಲ್ಲಿ ಇಂಥ ಉಪಕರ ಇಲ್ಲ. ಊರಿನ ಜನ ಸಂಘ ನೋಂದಾಯಿಸಿ ವಾಚನಾಲಯ ನಡೆಸಬೇಕು. ಸರ್ಕಾರ ಅದಕ್ಕೆ ಮಾನ್ಯತೆ ಕೊಟ್ಟು, ಅ, ಬ, ಕ, ಡ ಎಂಬ ನಾಲ್ಕು ವರ್ಗಗಳಲ್ಲಿ ಒಂದಕ್ಕೆ ಸೇರಿಸಿ, ವರ್ಗಕ್ಕೆ ತಕ್ಕಂತೆ ವಾರ್ಷಿಕ ಅನುದಾನ ಕೊಡುತ್ತದೆ. ಮಿಕ್ಕಿದ್ದು ವರ್ಗಣಿಯಿಂದ, ದಾನದಿಂದ ಬರಬೇಕು. ಈ ದಾರಿಯಲ್ಲಿ ರಾಜ್ಯದಾದ್ಯಂತ 11 ಸಾವಿರಕ್ಕೂ ಹೆಚ್ಚು ಗ್ರಂಥಾಲಯಗಳು ಬೆಳೆದಿವೆ.

ಎರಡರಲ್ಲಿ ಯಾವುದು ಮೇಲು ಎಂದು ಕೇಳುವವರಿದ್ದಾರೆ. ಉಪಕರವುಳ್ಳ ಕಾಯ್ದೆಯೇ ಹೆಚ್ಚು ನ್ಯಾಯದ್ದೆಂದು ನಾನು ನಂಬುತ್ತೇನೆ. ಬಡ ಊರಿಗೂ ಶ್ರೀಮಂತ ಊರಿಗೂ ಗ್ರಂಥಾಲಯ ಸಿಗಬೇಕಾದರೆ ಖಚಿತವಾದ ಹಣದ ಮೂಲ ಬೇಕು. ಆದರೆ ಅದರಲ್ಲೊಂದು ತೊಡಕಿದೆ. ಕರ ಕಟ್ಟಿದ ನಾಗರಿಕ ಗ್ರಂಥಾಲಯವನ್ನು ಇಲಾಖೆಯ ಪಾಲಿಗೆ ಬಿಟ್ಟು ಮರೆತುಬಿಡುತ್ತಾನೆ. ನಗರಾಡಳಿತಗಳು ಸಂಗ್ರಹಿಸಿದ ಉಪಕರ ಇಲಾಖೆಗೆ ಸಕಾಲಕ್ಕೆ ಸಲ್ಲದೆ ಕೋಟಿಗಟ್ಟಲೆ ಬಾಕಿ ಉಳಿದಿರುವ ಸುದ್ದಿ ಕರ್ನಾಟಕದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ನಮ್ಮದೇ ದುಡ್ಡು ಎಲ್ಲಿ ಹೋಯಿತೆಂದು ಬೀದಿಗಿಳಿದು ಕೇಳಿದವರು ಎಷ್ಟು ಮಂದಿ? ಆ ಮರೆವನ್ನು ಹೊತ್ತುಕೊಂಡೇ ನಾವು ಹಿಂಜವಾಡಿಗೆ ಬಂದಿದ್ದೇವೆ. ಇಲ್ಲಿ ಅದು ನಡೆಯುವುದಿಲ್ಲ. ಸದಸ್ಯರಿಲ್ಲದಿದ್ದರೆ ಇಲ್ಲಿ ವಾಚನಾಲಯವೇ ಇರುವುದಿಲ್ಲ.

ಇನ್ನು ಎರಡನೆಯ ಭಾಗಕ್ಕೆ ಬರುತ್ತೇನೆ. ಓದುಗನೊಬ್ಬ ಒಂದು ಪುಸ್ತಕ ಎರವಲು ಪಡೆದರೆ ಗ್ರಂಥಾಲಯಕ್ಕೆ ಏನಾಗುತ್ತದೆ?

ಹಳೆಯ ಪದ್ಧತಿಯ ಯಾವುದೇ ಗ್ರಂಥಾಲಯದಿಂದ ಒಂದು ಪುಸ್ತಕ ಕೈಗೆತ್ತಿಕೊಳ್ಳಿ. ಬೆನ್ನಿನ ಮೇಲೆ ಬಿಳಿ ಚೀಟಿಯಲ್ಲಿ ವರ್ಗೀಕರಣದ ಸಂಖ್ಯೆ. ಶೀರ್ಷಿಕೆ ಪುಟದಲ್ಲಿ ನೇರಳೆ ಶಾಯಿಯ ಮೊಹರು, ಅದರ ಪಕ್ಕ ಕೈಬರಹದಲ್ಲಿ ದಾಖಲಾತಿ ಸಂಖ್ಯೆ. ಶೀರ್ಷಿಕೆ ಪುಟ ಹರಿದುಹೋದರೂ ಗುರುತು ಉಳಿಯಲೆಂದು ಒಳಗಿನ ಯಾವುದೋ ಒಂದು ಪುಟದಲ್ಲಿ ಅದೇ ಮೊಹರನ್ನು ಗುಟ್ಟಾಗಿ ಒತ್ತಿರುತ್ತಾರೆ. ಯಾವ ಪುಟವೆಂಬುದು ಸಿಬ್ಬಂದಿಗೆ ಮಾತ್ರ ಗೊತ್ತು. ಕೊನೆಯ ರಟ್ಟಿನ ಒಳಗೆ ಒಂದು ಕಾಗದದ ಜೇಬು, ಎದುರು ಪುಟಕ್ಕೆ ಅಂಟಿಸಿದ ದಿನಾಂಕದ ಚೀಟಿ. ಪುಸ್ತಕ ಹೊರಗೆ ಹೋದಾಗಲೆಲ್ಲ ಹಿಂತಿರುಗಿಸಬೇಕಾದ ತಾರೀಖನ್ನು ಆ ಚೀಟಿಯ ಮೇಲೆ ಒತ್ತುತ್ತಾರೆ.

ಓದುಗರು ಈ ಚೀಟಿಯನ್ನು ಗಮನಿಸುವುದು ದಂಡ ಕಟ್ಟಬೇಕಾಗಿ ಬಂದಾಗ. ಗ್ರಂಥಪಾಲಕರು ಅದನ್ನು ಓದುವ ಬಗೆ ಬೇರೆ. ಒಂದೇ ವರ್ಷದಲ್ಲಿ ಮೂರು ಸಾಲು ತುಂಬಿದ ಚೀಟಿ ಇನ್ನೊಂದು ಪ್ರತಿ ಕೊಳ್ಳಬೇಕೆಂದು ಹೇಳುತ್ತದೆ. ಹತ್ತು ವರ್ಷದಿಂದ ಮೊಹರು ಕಾಣದ ಚೀಟಿ, ಆ ಪುಸ್ತಕವನ್ನು ಕಪಾಟಿನಿಂದ ತೆಗೆಯುವ ಪಟ್ಟಿಗೆ ಸೇರಿಸುತ್ತದೆ. ಅಂಥ ಪಟ್ಟಿಯಲ್ಲಿ ಒಳ್ಳೆಯ ಪುಸ್ತಕಗಳೂ ಸೇರುತ್ತವೆ, ಯಾರೂ ಕೇಳಲಿಲ್ಲ ಎಂಬ ಒಂದೇ ಕಾರಣಕ್ಕೆ. ಈಗ ಬಹಳ ಕಡೆ ಚೀಟಿಯ ಜಾಗಕ್ಕೆ ಬಾರ್‌ಕೋಡ್ ಬಂದಿದೆ, ಲೆಕ್ಕ ಅದೇ. ದಿನಕ್ಕೆ ಎಷ್ಟು ಪುಸ್ತಕ ಹೊರಹೋದವು, ಎಷ್ಟು ಜನ ಪತ್ರಿಕೆ ಓದಲು ಬಂದು ಸಹಿ ಹಾಕಿದರು, ಸದಸ್ಯರೆಷ್ಟು ಎಂಬ ಮೂರು ಅಂಕಿಗಳನ್ನು ಗ್ರಂಥಪಾಲಕರು ವರ್ಷದ ಕೊನೆಗೆ ಕೂಡಿ ವರದಿ ಬರೆಯುತ್ತಾರೆ. ಹೊಸ ಕಪಾಟು ಬೇಕು, ಮಕ್ಕಳ ವಿಭಾಗ ಬೇಕು, ಇನ್ನೊಬ್ಬ ಸಹಾಯಕ ಬೇಕು ಎಂದು ಕೇಳಲು ಅವರ ಕೈಯಲ್ಲಿರುವ ಆಧಾರ ಅಷ್ಟೇ.

ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕದ ಬಳಕೆಗೆ ಸಂಬಂಧಿಸಿದ್ದು. ಗಣಿತದ ಅಧ್ಯಾಪಕರಾಗಿದ್ದ ಅವರು, ಗ್ರಂಥಾಲಯವನ್ನು ಅಳೆಯಬೇಕಾದದ್ದು ಅದರಲ್ಲಿರುವ ಪುಸ್ತಕದ ರಾಶಿಯಿಂದಲ್ಲ, ಓದುಗನ ಕೈಸೇರಿದ ಪುಸ್ತಕದಿಂದ ಎಂಬುದನ್ನು ಜೀವನವಿಡೀ ಹೇಳಿದರು. ತಮ್ಮ ಪತ್ನಿ ಶಾರದಾ ಅವರ ಹೆಸರಿನಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ದತ್ತಿ ಇಟ್ಟವರು ಅವರು. ದತ್ತಿ ಉಪನ್ಯಾಸದ ವೇದಿಕೆಯಲ್ಲಿ ಅದನ್ನು ನೆನೆಯುವುದು ನನ್ನ ಕರ್ತವ್ಯ. ರಂಗನಾಥನ್ 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅವರ ಜನ್ಮದಿನ ಆಗಸ್ಟ್ 12ನ್ನು ಗ್ರಂಥಪಾಲಕರ ದಿನವೆಂದು ಆಚರಿಸುತ್ತೇವೆ. ಆ ದಿನ ಹಾರ ಹಾಕಲು ಬರುವವರಲ್ಲಿ ಅರ್ಧ ಜನರಾದರೂ ಎರಡು ಪುಸ್ತಕ ಎರವಲು ಪಡೆದು ಹೋಗಲಿ ಎಂಬುದು ನನ್ನ ಆಸೆ.

ಪುಸ್ತಕ ದಾನದ ಬಗ್ಗೆಯೂ ಇಲ್ಲೇ ಒಂದು ಮಾತು ಹೇಳಬೇಕು, ಕೆಲವರಿಗೆ ಬೇಸರವಾದರೂ ಸರಿ. ಮನೆ ಖಾಲಿ ಮಾಡುವಾಗ ಹಳೆಯ ಪಠ್ಯಪುಸ್ತಕ, ಹತ್ತು ವರ್ಷದ ಹಿಂದಿನ ಪ್ರವೇಶ ಪರೀಕ್ಷೆಯ ಗೈಡು, ಗೆದ್ದಲು ಮುಟ್ಟಿದ ಮಾಸಪತ್ರಿಕೆಗಳನ್ನು ಮೂಟೆ ಕಟ್ಟಿ ವಾಚನಾಲಯದ ಬಾಗಿಲಲ್ಲಿ ಇಳಿಸುವುದು ನೆರವಲ್ಲ. ಒಂದೊಂದನ್ನೂ ಬಿಡಿಸಿ, ಒರೆಸಿ, ದಾಖಲಿಸಿ, ಜಾಗ ಹುಡುಕುವ ಹೊರೆ ಅಲ್ಲಿರುವ ಒಬ್ಬರೋ ಇಬ್ಬರೋ ಸಿಬ್ಬಂದಿಯ ತಲೆಯ ಮೇಲೆ ಬೀಳುತ್ತದೆ. ಕೊಡುವುದಾದರೆ ಏನು ಬೇಕೆಂದು ಕೇಳಿ ಕೊಡೋಣ.

ಈಗ ಮೂರನೆಯ ಭಾಗ, ಕರ್ನಾಟಕದ ಎರಡು ಉದಾಹರಣೆಗಳು.

ಮೈಸೂರಿನ ರಾಜೀವನಗರದ ಸೈಯದ್ ಇಸಾಕ್ ಅವರ ಹೆಸರನ್ನು ತಾವು ಕೇಳಿರಬಹುದು. ಶಾಲೆಯ ಮೆಟ್ಟಿಲು ಹತ್ತಲು ಅವಕಾಶ ಸಿಗದ, ಚರಂಡಿ ಸ್ವಚ್ಛತೆಯಿಂದ ಹಿಡಿದು ಸಿಕ್ಕಿದ ಕೂಲಿ ಮಾಡಿ ಬದುಕಿದ ಮನುಷ್ಯ. ಬಡಾವಣೆಯ ಮಕ್ಕಳು ಕನ್ನಡ ಓದಬೇಕು ಎಂಬ ಹಂಬಲದಿಂದ 2011ರಲ್ಲಿ ಒಂದು ಶೆಡ್ಡಿನಲ್ಲಿ ಸಾರ್ವಜನಿಕ ಗ್ರಂಥಾಲಯ ತೆರೆದರು. ಪುಸ್ತಕಗಳು ಸುಮಾರು 11 ಸಾವಿರಕ್ಕೆ ಬೆಳೆದವು, ಅದರಲ್ಲಿ ಹೆಚ್ಚಿನವು ಕನ್ನಡದವು. ಪತ್ರಿಕೆಗಳಿಗೆ ತಮ್ಮ ಕೂಲಿಯಿಂದಲೇ ಹಣ ಕೊಟ್ಟರು. ಬೆಳಗ್ಗೆ ಆಟೋ ಚಾಲಕರು, ಮುದುಕರು, ಕೆಲಸ ಹುಡುಕುವ ಹುಡುಗರು ಬಂದು ಪತ್ರಿಕೆ ಓದಿ ಹೋಗುತ್ತಿದ್ದರು. 2021ರ ಏಪ್ರಿಲ್ 9ರ ನಸುಕಿನಲ್ಲಿ ಆ ಶೆಡ್ಡು ಸುಟ್ಟು ಬೂದಿಯಾಯಿತು.

ಸುದ್ದಿ ಹಬ್ಬುತ್ತಿದ್ದಂತೆ ನಾಡಿನ ಒಳಗಿನಿಂದ, ಹೊರಗಿನಿಂದ ನೆರವು ಹರಿದುಬಂತು. ಕನ್ನಡಿಗರ ಮನಸ್ಸು ದೊಡ್ಡದು ಎಂಬುದಕ್ಕೆ ಅದು ಸಾಕ್ಷಿ. ಆದರೆ ನನ್ನನ್ನು ಕಾಡುವ ಪ್ರಶ್ನೆ ಬೆಂಕಿಗೂ ಹಿಂದಿನ ಹತ್ತು ವರ್ಷಗಳದು. ಒಬ್ಬ ಕೂಲಿಕಾರ ಒಂದು ಬಡಾವಣೆಗೆ ಪತ್ರಿಕೆ ಕೊಳ್ಳುತ್ತಿದ್ದ ಅಷ್ಟೂ ವರ್ಷ, ತಿಂಗಳಿಗೆ ನೂರು ರೂಪಾಯಿ ಕೊಡಬಲ್ಲ ಎಷ್ಟೋ ಮನೆಗಳು ಅದೇ ಊರಿನಲ್ಲಿದ್ದವು. ಬೆಂಕಿ ಬಿದ್ದ ಗ್ರಂಥಾಲಯ ಎಲ್ಲರಿಗೂ ಕಾಣುತ್ತದೆ. ಪತ್ರಿಕೆ ಒಂದೊಂದಾಗಿ ನಿಂತು, ಸೂರು ಸೋರಿ, ಮೇಲ್ವಿಚಾರಕರ ಗೌರವಧನ ತಿಂಗಳುಗಟ್ಟಲೆ ತಡವಾಗಿ ಸೊರಗುವ ಗ್ರಂಥಾಲಯ ಯಾರ ಕಣ್ಣಿಗೂ ಬೀಳುವುದಿಲ್ಲ. ಇಸಾಕ್ ಅವರಂಥವರನ್ನು ಸನ್ಮಾನಿಸುವುದು ಸರಿಯೇ. ಅವರೊಬ್ಬರ ಹೆಗಲ ಮೇಲೇ ಅಷ್ಟು ಭಾರ ಉಳಿಯದಂತೆ ನೋಡಿಕೊಳ್ಳುವುದು ಅದಕ್ಕಿಂತ ಮುಖ್ಯ.

ಎರಡನೆಯ ಉದಾಹರಣೆ ಹಳ್ಳಿಗಳದು. 2019ರಲ್ಲಿ ಕರ್ನಾಟಕದ ಗ್ರಾಮ ಪಂಚಾಯತಿ ಗ್ರಂಥಾಲಯಗಳನ್ನು, ಅಂದರೆ 5,600ಕ್ಕೂ ಹೆಚ್ಚು ಗ್ರಂಥಾಲಯಗಳನ್ನು, ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಿದರು. 2020ರ ನವೆಂಬರಿನಲ್ಲಿ, ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ, ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾಗಿ ಶಾಲಾ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಗೋಡೆಗಳಿಗೆ ಬಣ್ಣ ಬಂತು, ಗಟ್ಟಿಯಾಗಿ ಓದುವ ಆಟಗಳು ಬಂದವು. ‘ಪುಸ್ತಕ ಜೋಳಿಗೆ’ ಎಂದು ಮನೆ ಮನೆಯಿಂದ ಪುಸ್ತಕ ಸಂಗ್ರಹಿಸಿದ ಕಡೆಗಳೂ ಇವೆ. ಬಹಳಷ್ಟು ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ ಎಂಬ ಫಲಕ ಹೊತ್ತಿವೆ. ಇಲ್ಲಿ ಕಲಿಯಬೇಕಾದದ್ದು ಒಂದಿದೆ. ಕಟ್ಟಡ ಅದೇ, ಮೇಲ್ವಿಚಾರಕರೂ ಅವರೇ. ಮಕ್ಕಳನ್ನು ಬಾಗಿಲೊಳಗೆ ಕರೆದದ್ದೇ ದೊಡ್ಡ ಬದಲಾವಣೆ. ಮಗು ಬಂದ ಮೇಲೆ ತಾಯಿ ಬಂದಳು. ತಾಯಿ ಬಂದ ಗ್ರಂಥಾಲಯವನ್ನು ಪಂಚಾಯತಿ ಸದಸ್ಯರು ಕಡೆಗಣಿಸುವುದು ಕಷ್ಟ.

ಗ್ರಂಥಾಲಯಕ್ಕೂ ಕನ್ನಡ ಪುಸ್ತಕೋದ್ಯಮಕ್ಕೂ ಇರುವ ಸಂಬಂಧವನ್ನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಕರ್ನಾಟಕದ ಗ್ರಂಥಾಲಯ ಇಲಾಖೆ ಏಕಗವಾಕ್ಷಿ ಯೋಜನೆಯಲ್ಲಿ ಒಂದು ಪುಸ್ತಕದ 300 ಪ್ರತಿಗಳನ್ನು ಕೊಳ್ಳುತ್ತದೆ. ಕವನ ಸಂಕಲನ ಅಥವಾ ಸಂಶೋಧನಾ ಗ್ರಂಥ ಪ್ರಕಟಿಸುವ ಸಣ್ಣ ಪ್ರಕಾಶಕರಿಗೆ ಆ ಮುನ್ನೂರೇ ಆಧಾರ. ಗ್ರಂಥಾಲಯಗಳು ಸೊರಗಿದರೆ ನಾವು ಇಲ್ಲಿ ಕುಳಿತು ಹೆಮ್ಮೆಪಡುವ ಕನ್ನಡದ ಹೊಸ ಪುಸ್ತಕಗಳೂ ಕಡಿಮೆಯಾಗುತ್ತವೆ.

ಕೊನೆಯ ಭಾಗಕ್ಕೆ, ಹಿಂಜವಾಡಿಗೆ ಬರುತ್ತೇನೆ.

ಇದು ಮುಳಶಿ ತಾಲ್ಲೂಕಿನ ಹಳ್ಳಿ. ಚೈತ್ರ ಹುಣ್ಣಿಮೆಗೆ ಮ್ಹಾತೋಬಾ ದೇವರ ಬಗಾಡವೆಂಬ ರಥ ಇಲ್ಲಿಂದ ವಾಕಡಿಗೆ ಹೊರಡುವ ಜಾತ್ರೆ ಈಗಲೂ ನಡೆಯುತ್ತದೆ. 1990ರ ದಶಕದ ಕೊನೆಗೆ ರಾಜೀವ್ ಗಾಂಧಿ ಇನ್ಫೋಟೆಕ್ ಪಾರ್ಕ್ ಬಂದ ಮೇಲೆ ದೇಶದ ಎಲ್ಲ ಭಾಷೆಯವರೂ ಇಲ್ಲಿಗೆ ಬಂದರು. ಆದರೆ ಇಲ್ಲಿರುವ ಕನ್ನಡಿಗರೆಲ್ಲ ಕಂಪ್ಯೂಟರ್ ಮುಂದೆ ಕುಳಿತವರಲ್ಲ. ಈ ಕಟ್ಟಡಗಳನ್ನು ಕಟ್ಟಿದವರಲ್ಲಿ ವಿಜಯಪುರ, ಕಲಬುರಗಿ, ಯಾದಗಿರಿ ಕಡೆಯಿಂದ ಬಂದ ಕೂಲಿಕಾರರಿದ್ದಾರೆ. ಅವರ ಮಕ್ಕಳು ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಕಲಿಯುತ್ತ ಬೆಳೆಯುತ್ತಾರೆ. ಎತ್ತರದ ಸೊಸೈಟಿಗಳ ಕ್ಲಬ್‌ಹೌಸಿನಲ್ಲಿ ಪುಸ್ತಕದ ಕಪಾಟು ಇರುತ್ತದೆ, ಆದರೆ ಗೇಟಿನ ಹೊರಗಿನ ಮಗುವಿಗೆ ಅಲ್ಲಿ ಪ್ರವೇಶವಿಲ್ಲ. ಎಂಜಿನಿಯರೂ ಗಾರೆಕೆಲಸದವರ ಮಗಳೂ ಒಂದೇ ಬೆಂಚಿನಲ್ಲಿ ಕುಳಿತು ಓದಬಹುದಾದ ಜಾಗ ಸಾರ್ವಜನಿಕ ವಾಚನಾಲಯ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಮರಾಠಿಯಲ್ಲಿ ಅಭ್ಯಾಸಿಕಾ ಎನ್ನುವ ಓದುಕೋಣೆ ಪುಣೆಯಲ್ಲಿ ಎಷ್ಟು ಮುಖ್ಯವೆಂದು ತಮಗೆ ಗೊತ್ತೇ ಇದೆ; ನಾಲ್ವರಿರುವ ಬಾಡಿಗೆ ಕೋಣೆಯಲ್ಲಿ ಬದುಕುವ ಹುಡುಗನಿಗೆ ಒಂದು ಕುರ್ಚಿ, ಒಂದು ದೀಪ, ಮೌನ ಸಿಗುವುದು ಅಲ್ಲಿ.

ನನ್ನ ಸಲಹೆ ಇಷ್ಟು. ಹಿಂಜವಾಡಿ, ಮಾಣ, ಮಾರುಂಜಿ, ವಾಕಡ್, ತಾವು ಎಲ್ಲೇ ಇದ್ದರೂ, ಮನೆಗೆ ಅತಿ ಹತ್ತಿರದ ಮಾನ್ಯತೆ ಪಡೆದ ವಾಚನಾಲಯವನ್ನು ಹುಡುಕಿ, ಕುಟುಂಬ ಸಮೇತ ಸದಸ್ಯರಾಗಿ. ಅಲ್ಲಿ ಕನ್ನಡ ಪುಸ್ತಕ ಇಲ್ಲವೆಂದು ಮೊದಲ ದಿನವೇ ಹಿಂತಿರುಗಬೇಡಿ. ಮರಾಠಿ ಬಂದರೆ ಮರಾಠಿ ಓದಿ. ಭೈರಪ್ಪನವರ ‘ವಂಶವೃಕ್ಷ’ವನ್ನು ಪುಣೆಯ ಉಮಾ ಕುಲಕರ್ಣಿ ಅವರು ಮರಾಠಿಗೆ ತಂದಿದ್ದಾರೆ, ಭೈರಪ್ಪನವರ ಕಾದಂಬರಿಗಳನ್ನು ಮರಾಠಿ ಓದುಗರು ತಮ್ಮವೆಂದೇ ಓದುತ್ತಾರೆ. ಖಾಂಡೇಕರರ ‘ಯಯಾತಿ’ ವಿ. ಎಂ. ಇನಾಂದಾರರಿಂದ ನಮಗೆ ಬಂತು. ಫರ್ಗ್ಯೂಸನ್ ಕಾಲೇಜಿನಲ್ಲಿ ಓದಿದ ಬೇಂದ್ರೆಯವರು ಎರಡೂ ಭಾಷೆಗಳಲ್ಲಿ ಬರೆದರು. ಈ ನೆರೆಹೊರೆಗೆ ವಾಚನಾಲಯದ ಕಪಾಟಿಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. ಸದಸ್ಯರಾದ ಮೇಲೆ ಬೇಡಿಕೆಯ ವಹಿಯಲ್ಲಿ ಕನ್ನಡ ಪುಸ್ತಕಗಳ ಹೆಸರು ಬರೆಯಿರಿ. ಒಬ್ಬರ ಬೇಡಿಕೆ ಒಂದು ಸಾಲಾಗಿ ಉಳಿಯಬಹುದು. ನಲವತ್ತು ಕುಟುಂಬಗಳ ಬೇಡಿಕೆ ಕಾರ್ಯಕಾರಿ ಮಂಡಳಿಯ ಸಭೆಗೆ ಬರುತ್ತದೆ. ಮಂಡಳಿಗೆ ಸದಸ್ಯರೇ ಆರಿಸಿ ಹೋಗುವುದರಿಂದ ತಮ್ಮಲ್ಲೊಬ್ಬರು ಅಲ್ಲಿ ಕೂರುವುದಕ್ಕೂ ಅಡ್ಡಿಯಿಲ್ಲ. ಲೆಕ್ಕಪತ್ರ, ಗಣಕೀಕೃತ ಪುಸ್ತಕ ಪಟ್ಟಿ ಇಂಥ ಕೆಲಸಗಳಲ್ಲಿ ಈ ಸಭೆಯಲ್ಲಿರುವ ಪರಿಣತಿ ಯಾವ ಹಳ್ಳಿಯ ವಾಚನಾಲಯಕ್ಕೆ ತಾನೇ ಬೇಡ?

ಹಣದ ವಿಷಯಕ್ಕೆ ಒಂದು ಕಾನೂನಿನ ದಾರಿಯಿದೆ. ಐಟಿ ಕಂಪನಿಗಳಲ್ಲಿ ದುಡಿಯುವವರು ಇದನ್ನು ದಯವಿಟ್ಟು ಬರೆದುಕೊಳ್ಳಿ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ನಿಗದಿತ ಮಿತಿ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವೆಚ್ಚ ಮಾಡಬೇಕು. ಯಾವ ಕೆಲಸಗಳಿಗೆ ಎಂಬ ಪಟ್ಟಿ ಏಳನೇ ಅನುಸೂಚಿಯಲ್ಲಿದೆ. ಅದರಲ್ಲಿ ಸಾರ್ವಜನಿಕ ಗ್ರಂಥಾಲಯ ಸ್ಥಾಪನೆ ಹೆಸರು ಹಿಡಿದು ಸೇರಿದೆ. ಇಷ್ಟು ಕಂಪನಿಗಳು ಒಂದೇ ಕಡೆ ನೆರೆದಿರುವ ಹಳ್ಳಿಗೆ ಒಳ್ಳೆಯ ಗ್ರಂಥಾಲಯ ಬೇಕೆಂದು ಅವುಗಳ ನೌಕರರೇ ಲಿಖಿತ ಮನವಿ ಕೊಟ್ಟರೆ ಅದಕ್ಕೆ ತೂಕವಿದೆ. ಮನವಿಯಲ್ಲಿ ಕಟ್ಟಡವನ್ನು ಮಾತ್ರ ಕೇಳಬೇಡಿ. ಗ್ರಂಥಪಾಲಕರ ಸಂಬಳ, ಸಂಜೆ ಎಂಟರವರೆಗೆ ತೆರೆದಿರುವ ಸಮಯ, ಮಕ್ಕಳ ವಿಭಾಗ, ಇವುಗಳಿಗೆ ಕನಿಷ್ಠ ಐದು ವರ್ಷದ ನೆರವು ಕೇಳಿ. ಗ್ರಾಮ ಪಂಚಾಯತಿಯನ್ನೂ ಸ್ಥಳೀಯ ಮರಾಠಿ ಬಂಧುಗಳನ್ನೂ ಜೊತೆಗೆ ಕರೆದುಕೊಂಡೇ ಹೋಗಿ. ಇದು ಅವರ ಊರಿನ ಗ್ರಂಥಾಲಯ, ನಾವು ಅದರ ಹೊಸ ಸದಸ್ಯರು.

ಇಲ್ಲಿಯ ಕನ್ನಡಿಗರ ಸಂಘದ ಪುಸ್ತಕ ಸಂಗ್ರಹದ ಬಗ್ಗೆ ಪದಾಧಿಕಾರಿಗಳಲ್ಲಿ ಒಂದು ವಿನಂತಿ. ಆ ಪುಸ್ತಕಗಳು ಯಾರದೋ ಮನೆಯ ಬೀರುವಿನಲ್ಲಿ ಬೀಗದೊಳಗೆ ಇರುವ ಬದಲು, ಒಪ್ಪಂದ ಬರೆದುಕೊಂಡು ಸಾರ್ವಜನಿಕ ವಾಚನಾಲಯದ ಒಂದು ಕಪಾಟಿನಲ್ಲಿ ಇರಲಿ. ಪುಸ್ತಕಗಳ ಆಯ್ಕೆ ಸಂಘದ್ದು, ದಾಖಲಾತಿ ವಾಚನಾಲಯದ್ದು. ಅರ್ಧದಷ್ಟಾದರೂ ಮಕ್ಕಳ ಪುಸ್ತಕಗಳಿರಲಿ, ದೊಡ್ಡ ಅಕ್ಷರದ ಸಚಿತ್ರ ಪುಸ್ತಕಗಳು. ಭಾನುವಾರ ಒಂದು ಗಂಟೆ ಸರದಿಯಂತೆ ಒಬ್ಬರು ಅಲ್ಲಿ ಕುಳಿತು ಮಕ್ಕಳಿಗೆ ಕನ್ನಡ ಕಥೆ ಓದಿ ಹೇಳಲಿ, ಕೂಲಿಕಾರರ ಬಿಡಾರಗಳಿಗೆ ಹೋಗಿ ಮಕ್ಕಳನ್ನು ಕರೆತರುವ ಹೊಣೆಯನ್ನು ಯುವಕರು ವಹಿಸಿಕೊಳ್ಳಲಿ. ಮಾರ್ಚ್ 31ಕ್ಕೆ ವರ್ಷ ಮುಗಿಯುವಾಗ ಆ ಕಪಾಟಿನಿಂದ ಎಷ್ಟು ಪುಸ್ತಕ ಎರವಲು ಹೋದವೆಂಬ ಲೆಕ್ಕವನ್ನು ಸಂಘದ ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಿಸಿ. ಮುಂದಿನ ವರ್ಷದ ದತ್ತಿ ಉಪನ್ಯಾಸಕರಿಗೆ ಆ ವರದಿಯ ಒಂದು ಪ್ರತಿ ತಲುಪಲಿ.